ಒಂದು, ಮೂರು, ನಾಲ್ಕು, ಎರಡು

ಒಲೆಗೆ ಇನ್ನೊಂದು ಕೊರಡು ತಳ್ಳಿ, ಹತ್ತಿರ ಸರಿದು ಕೂತುಕೊಳ್ಳಿ. ಇದು ನಮ್ಮ ಚಿಕ್ಕಪ್ಪನ ಕಥೆ. ಅರ್ಧ ಆಗುಂಬೆ ಘಾಟಿಯಲ್ಲಿ ನಡೆದದ್ದು, ಇನ್ನರ್ಧ ಮನೆಯ ಜಗಲಿಯಲ್ಲಿ.

ಮಣಿಪಾಲದಲ್ಲಿ ಅಡ್ಮಿಟ್ ಆಗಿದ್ದ ಅತ್ತೆಯನ್ನು ನೋಡಿಕೊಂಡು ನಾನೂ ಚಿಕ್ಕಪ್ಪನೂ ತೀರ್ಥಹಳ್ಳಿಗೆ ವಾಪಸಾಗುತ್ತಿದ್ದೆವು. ಆಷಾಢದ ಮಳೆ. ಸೋಮೇಶ್ವರ ದಾಟುವಾಗಲೇ ಸಂಜೆಯಾಗಿತ್ತು. ಘಾಟಿಯ 14 ತಿರುವುಗಳಲ್ಲಿ ಅರ್ಧದಷ್ಟು ಮುಗಿದಿರಬೇಕು, ಎದುರಿಗೆ ಒಂದು ಹಳದಿ ದೀಪ ಹತ್ತಿತು, ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಆಕ್ಸಿಲರೇಟರ್ ಎಷ್ಟು ತುಳಿದರೂ ಕಾರು ಏಳಲಿಲ್ಲ. ತೆವಳಿಕೊಂಡು ಹೋಗಿ ಅಗಲವಾದ ಒಂದು ಜಾಗದಲ್ಲಿ ಬದಿಗೆ ಹಚ್ಚಿದೆ.

ಚಿಕ್ಕಪ್ಪ ಆಗಲೇ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಇಳಿದಾಗಿತ್ತು. ಗ್ಯಾರೇಜು ನಡೆಸಿ ಮುದುಕರಾದವರು ಅವರು. ಪದ್ಮಿನಿ, ಅಂಬಾಸಿಡರ್‌ಗಳ ಕಾಲದಲ್ಲಿ ಈ ಘಾಟಿಯಲ್ಲಿ ಅವರ ಟವೆಲ್ಲಿಗೆ ಎರಡು ಕೆಲಸ. ಬೇಸಿಗೆಯಲ್ಲಿ ಏರು ಹತ್ತುವಾಗ ಪೆಟ್ರೋಲು ಪಂಪಿನಲ್ಲೇ ಕಾದು ಆವಿಯಾಗಿ ಎಂಜಿನ್ನಿಗೆ ಹೋಗದೆ ನಿಂತರೆ, ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಹೊದಿಸುವುದು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತು ಕಿಡಿ ಹಾರದಿದ್ದರೆ, ಮುಚ್ಚಳ ಬಿಚ್ಚಿ ಒಣ ತುದಿಯಿಂದ ಒರೆಸುವುದು. ಹತ್ತು ನಿಮಿಷದಲ್ಲಿ ಗಾಡಿ ಮತ್ತೆ ರಸ್ತೆಗೆ.

ನಾನು ಬಾನೆಟ್ ಎತ್ತಿ ಕೊಡೆ ಹಿಡಿದೆ. ಒಳಗೆ ಕಂಡದ್ದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಅದರ ಸುತ್ತ ಒಂದರ ಮೇಲೊಂದು ಹೆಣೆದುಕೊಂಡ ವೈರು, ಪೈಪು. ಚಿಕ್ಕಪ್ಪ ಟವೆಲ್ ಹಿಡಿದುಕೊಂಡು ಅತ್ತ ಇತ್ತ ಬಗ್ಗಿ ನೋಡಿದರು. "ಕೈ ಎಲ್ಲಿ ಹಾಕೂದು ಮಾರಾಯ?" ಅಂದರು. ಅವರು ಒಂದು ಎಂಜಿನ್ನಿನ ಮುಂದೆ ಹಾಗೆ ನಿಂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಸಿಟ್ಟು ಬಂತು. ಕಾರು ಕೆಟ್ಟದ್ದಕ್ಕಲ್ಲ, ಕೆಡದ ಯಂತ್ರವಿಲ್ಲ. ಆ ಕೈಗಳಿಗೆ ಅಲ್ಲಿ ಜಾಗವಿಲ್ಲದಂತೆ ಮಾಡಿದ್ದಕ್ಕೆ.

ಟೋಯಿಂಗ್ ಗಾಡಿ ಬಂದು ಕಾರನ್ನು ಹೊತ್ತುಕೊಂಡು ಹೋಯಿತು. ಸರ್ವಿಸ್ ಸೆಂಟರಿನವರು ಫೋನಿನಲ್ಲಿ ಒಂದು ಕೋಡ್ ಹೇಳಿದರು, ಸೆನ್ಸರ್ ತರಿಸಬೇಕು ಅಂದರು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ದಿನ ಹೋಯಿತು.

ನನಗೆ ಕಾರುಗಳ ಪುಟ್ಟ ಮಾದರಿ ಕಟ್ಟುವ ಹುಚ್ಚು ಇರುವುದು ನಿಮಗೆ ಗೊತ್ತು. 1:24 ಅಳತೆ, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿಯ ಕಿಟ್‌ಗಳಲ್ಲಿ ಬಿಡಿಭಾಗಗಳು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕತ್ತರಿಸಿ, ಅರ ಹಾಕಿ, ಬಣ್ಣ ಬಳಿದು ಜೋಡಿಸಬೇಕು. ಆ ಕಂಪನಿಯ ಶುನ್ಸಾಕು ತಾಮಿಯಾ ಪೋರ್ಷೆಯ ಒಂದು ದೊಡ್ಡ ಮಾದರಿ ತಯಾರಿಸುವ ಮೊದಲು ನಿಜವಾದ 911 ಕಾರನ್ನೇ ಕೊಂಡು ಬಿಚ್ಚಿ ನೋಡಿದವರು. 1976ರಲ್ಲಿ ಬಂದ ಆ ಪೋರ್ಷೆ 934ರ ಹಿಂದೆ ಇಂಥ ಶ್ರದ್ಧೆ ಇದೆ ಎನ್ನುವುದು ನನಗೆ ಇವತ್ತಿಗೂ ದೊಡ್ಡ ಮಾತು. ಆಟದ ಸಾಮಾನು ಮಾಡುವವನಿಗೂ ಒಳಗೇನಿದೆ ಎಂದು ತಿಳಿದಿರಬೇಕು ಅಂದುಕೊಂಡ ಮನುಷ್ಯ!

ಆದರೆ ಆ ಮಳೆಗಾಲದಲ್ಲಿ ನಾನು ಕಟ್ಟುತ್ತಿದ್ದದ್ದು ಕಿಟ್ ಅಲ್ಲ. ಚಿಕ್ಕಪ್ಪ ಓಡಿಸಿದ್ದ ಪ್ರೀಮಿಯರ್ ಪದ್ಮಿನಿಯನ್ನು ಕೈಯಾರೆ ಮಾಡುತ್ತಿದ್ದೆ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಮೂಲದಲ್ಲಿ ಫಿಯೆಟ್ 1100 ಆಗಿದ್ದ ಕಾರು ಅದು. ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಮಾದರಿಯಲ್ಲಿ ಹದಿನಾರು ಚಿಲ್ಲರೆ ಸೆಂಟಿಮೀಟರಿಗೆ ಇಳಿಯುತ್ತದೆ. ಮೈಗೆ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ. ಮೆತ್ತಗಿನ ಬಿಳಿ ಮರ, ಉಳಿ ಕೊಟ್ಟ ಕಡೆ ಬಿಟ್ಟುಕೊಡುತ್ತದೆ. ಬಂಪರಿನ ಹೊಳಪಿಗೆ ಅಡುಗೆಮನೆಯ ಫಾಯಿಲ್.

ಚಿಕ್ಕಪ್ಪ ದಿನಾ ಜಗಲಿಯ ಆಚೆ ತುದಿಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದರು. ಒಂದು ಮಧ್ಯಾಹ್ನ ಎದ್ದು ಬಂದು ಬಗ್ಗಿ ನೋಡಿ, "ಬಾನೆಟ್ ತೆಗೀಲಿಕ್ಕೆ ಬರ್ತದಾ?" ಅಂದರು. ಬರುತ್ತದೆ, ಒಳಗೆ ಎಂಜಿನ್ ಕೂರಿಸಬೇಕು ಅಂದೆ. ಪೇಪರ್ ಮಡಿಸಿಟ್ಟು ಕನ್ನಡಕ ಒರೆಸಿಕೊಂಡು ಕೂತರು.

ಅಲ್ಲಿಂದ ಆ ಎಂಜಿನ್ ಅವರದ್ದೇ. ಏರ್ ಫಿಲ್ಟರ್ ಎಲ್ಲಿ ಕೂರುತ್ತದೆ, ಕಾರ್ಬ್ಯುರೇಟರಿಗೆ ಚೋಕ್‌ನ ತಂತಿ ಯಾವ ಕಡೆಯಿಂದ ಬರುತ್ತದೆ, ಪೆಟ್ರೋಲ್ ಪಂಪನ್ನು ಕ್ಯಾಮ್ ಶಾಫ್ಟ್ ಹೇಗೆ ಒತ್ತುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಮುಚ್ಚಿದ ಕಣ್ಣಿನ ಮುಂದೆ ಬೆರಳು ಮಾತ್ರ ಆಡುತ್ತಿತ್ತು. ಖಾಲಿ ರೀಫಿಲ್ ಕತ್ತರಿಸಿ ಡಿಸ್ಟ್ರಿಬ್ಯೂಟರ್ ಮಾಡಿದೆವು. ಅದರಿಂದ ನಾಲ್ಕು ಸ್ಪಾರ್ಕ್ ಪ್ಲಗ್ಗಿಗೆ ನಾಲ್ಕು ಎಳೆ ತಾಮ್ರದ ತಂತಿ. ನಾನು ತೋಚಿದ ಹಾಗೆ ಅಂಟಿಸಲು ಹೋದರೆ ಕೈ ಹಿಡಿದು ನಿಲ್ಲಿಸಿದರು.

"ಹಂಗಲ್ಲ. ಒಂದು, ಮೂರು, ನಾಲ್ಕು, ಎರಡು."

"ಚಿಕ್ಕಪ್ಪ, ಇದು ಯಾರಿಗೂ ಕಾಣೂದಿಲ್ಲ."

"ಕಾಣದಿದ್ರೆ ಬಿಡು. ತಪ್ಪು ಹಾಕಿದ್ರೆ ಗಾಡಿ ಸ್ಟಾರ್ಟ್ ಆಗೂದಿಲ್ಲ."

ಮರದ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದು ಆ ಹೊತ್ತಿನಲ್ಲಿ ನನಗೂ ಹೇಳಬೇಕೆನಿಸಲಿಲ್ಲ. ಕಿಡಿ ಹಾರುವ ಕ್ರಮದಲ್ಲೇ ನಾಲ್ಕೂ ತಂತಿ ಹಾಕಿದೆವು. ಚಿಮಟ ಹಿಡಿದದ್ದು ಅವರು. ಆ ವಯಸ್ಸಿನಲ್ಲೂ ಕೈ ನಡುಗಲಿಲ್ಲ.

ಕಡೆಗೂ ಕಾರು ತರಲು ಕರೆ ಬಂತು. ಚಿಕ್ಕಪ್ಪನೂ ಹೊರಟರು. ಕೌಂಟರಿನಲ್ಲಿ ಬಿಲ್ಲು ಕೊಟ್ಟರು, ಏನಾಗಿತ್ತು ಎಂದರೆ ಕೋಡನ್ನೇ ಮತ್ತೆ ಓದಿದರು. ಚಿಕ್ಕಪ್ಪ ಕೌಂಟರ್ ಬಿಟ್ಟು ನೇರ ಒಳಗೆ ನಡೆದು, ಲ್ಯಾಪ್‌ಟಾಪ್ ಹಿಡಿದಿದ್ದ ಹುಡುಗನೊಬ್ಬನನ್ನು ಕೇಳಿದರು. ಆ ಹುಡುಗನ ಹೊಟ್ಟೆ ತಣ್ಣಗಿರಲಿ, ಸ್ಕ್ರೀನ್ ತಿರುಗಿಸಿ ಎಲ್ಲ ಬಿಡಿಸಿ ಹೇಳಿದ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಅದು ತುಂಬಿದಾಗ ಮಸಿಯನ್ನು ಒಳಗೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಆ ಶಾಖ ಸಿಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡಾಡುವ ನಮ್ಮ ಕಾರಿಗೆ ಅದು ಎಲ್ಲಿ ಸಿಗಬೇಕು? ಮಸಿ ಕಟ್ಟಿ, ಎಂಜಿನ್ನಿಗೆ ಪೆಟ್ಟಾಗದಿರಲೆಂದು ಕಂಪ್ಯೂಟರೇ ಶಕ್ತಿ ಇಳಿಸಿತ್ತು. ಜೊತೆಗೆ ಒತ್ತಡ ಅಳೆಯುವ ಸೆನ್ಸರೂ ಹೋಗಿತ್ತು.

ಚಿಕ್ಕಪ್ಪನ ಮುಖ ಅರಳಿತು. "ಹೊಗೆಗೂಡಿಗೆ ಮಸಿ ಕಟ್ಟಿದ ಹಂಗೆ! ಇಷ್ಟನ್ನ ಮಾರುವಾಗಲೇ ಹೇಳಿದ್ರೆ ಆಗ್ತಿರಲಿಲ್ವಾ? ವಾರಕ್ಕೊಂದ್ಸಲ ಶಿವಮೊಗ್ಗ ರಸ್ತೇಲಿ ಓಡಿಸ್ಕಂಡು ಬರ್ತಿದ್ವಿ."

ಅದೇ ನನ್ನ ಸಂಕಟ. ಹೊಗೆ ಕಡಿಮೆಯಾಗಲಿ, ಮಕ್ಕಳ ಶ್ವಾಸಕೋಶ ಚೆನ್ನಾಗಿರಲಿ, ಆ ಫಿಲ್ಟರ್ ಇರಲೇಬೇಕು. ಆದರೆ ಲಕ್ಷಗಟ್ಟಲೆ ಕೊಟ್ಟು ಕೊಂಡವನಿಗೆ ಒಂದು ಹಳದಿ ದೀಪ ತೋರಿಸಿದರೆ ಸಾಕು, ಕಾರಣ ಬೇಡ ಎಂದು ತೀರ್ಮಾನಿಸಿದವರು ಯಾರು? ಕೈಪಿಡಿಯಲ್ಲಿ ಎಲ್ಲೋ ಒಂದು ಕಡೆ ಇಂಗ್ಲಿಷಿನಲ್ಲಿದೆಯಂತೆ. ಬಾಯಿಬಿಟ್ಟು ಹೇಳಿದವರಿಲ್ಲ. ಚಿಕ್ಕಪ್ಪನಿಗೆ ಅರ್ಥವಾಗಲು ಐದು ನಿಮಿಷವೂ ಬೇಕಾಗಲಿಲ್ಲ.

ಕಾರು ರ‍್ಯಾಂಪಿನ ಮೇಲೇ ಇತ್ತು. ಚಿಕ್ಕಪ್ಪ ಹುಡುಗನ ಅನುಮತಿ ಕೇಳಿ ಕೆಳಗೆ ಹೋಗಿ, ನನ್ನಿಂದ ಟೇಪು ತರಿಸಿ, ಫಿಲ್ಟರಿನ ಡಬ್ಬಿಯನ್ನು ಹೊರಗಿನಿಂದ ಅಳೆದರು. ಅಳತೆಗಳನ್ನೆಲ್ಲ ಬಿಲ್ಲಿನ ಹಿಂಬದಿಯಲ್ಲಿ ಬರೆಸಿದರು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದು, "ಮುಂದಿನದು ಇದೇ ಕಾರು ಮಾಡುವ. ಹೊಗೆ ಕೊಳವೆಯಿಂದ ಶುರು ಮಾಡು. ಆ ಡಬ್ಬಿ ಮುಚ್ಚಿಡಬೇಡ, ಅರ್ಧ ಸೀಳಿ ತೋರಿಸುವ," ಅಂದರು. ಒಳಗಿನ ಸಾಲು ಸಾಲು ಕಿಂಡಿಗಳನ್ನು ಆ ಅಳತೆಯಲ್ಲಿ ಕೊರೆಯುವುದು ಆಗದ ಮಾತು ಎಂದು ನಾನು, ಆಗುತ್ತದೆ ಎಂದು ಅವರು. ವಾದ ಮನೆ ಮುಟ್ಟುವವರೆಗೂ ನಡೆಯಿತು.