ಸುಳ್ಳೂ ಸಮರನೀತಿಯೂ

ದ್ರೋಣಾಚಾರ್ಯರ ಬಿಲ್ಲನ್ನು ಕೆಳಗಿಡಿಸಿದ್ದು ಬಾಣವಲ್ಲ, ಧರ್ಮರಾಯನ ಅರ್ಧಸತ್ಯ. ಆ ಒಂದು ಮಾತಿಗೆ ಅವನ ರಥ ನೆಲಕ್ಕಿಳಿಯಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆದರೂ ಆ ಸುಳ್ಳು ಬಿದ್ದುದು ರಣರಂಗದಲ್ಲಿ, ಆಯುಧ ಹಿಡಿದ ಸೇನಾನಿಯ ಕಿವಿಗೆ. ದೂರದೂರಿಗೆ ದುಡಿಯಲು ಬಂದ ನಿರಾಯುಧನ ಕಿವಿಗೆ ಅದು ಬಿದ್ದರೆ?

2012ರ ಆಗಸ್ಟ್ ತಿಂಗಳಲ್ಲಿ ಈ ಪ್ರಶ್ನೆ ಬೆಂಗಳೂರಿಗೇ ಬಂದೊದಗಿತು. ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಗಲಭೆಗಳಾಗಿದ್ದವು. ಅದಕ್ಕೆ ಪ್ರತೀಕಾರವಾಗಿ ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿ ದಾಳಿ ನಡೆಯಲಿದೆಯೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕಾವಲುಗಾರರು, ಹೋಟೆಲಿನ ಕೆಲಸಗಾರರು, ವಿದ್ಯಾರ್ಥಿಗಳು ಸಾವಿರ ಸಾವಿರವಾಗಿ ನಗರದ ರೈಲು ನಿಲ್ದಾಣಕ್ಕೆ ಧಾವಿಸಿದರು; ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅಂದಿನ ಗೃಹಸಚಿವರೂ ಪದ್ಮನಾಭನಗರದ ಶಾಸಕರೂ ಆಗಿದ್ದ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ, ಊರು ಬಿಡಬೇಡಿರೆಂದು ಕೇಳಿಕೊಂಡರು. ಕಿಸೆಯಲ್ಲಿದ್ದ ಸಂದೇಶ ಸಚಿವರ ಮಾತಿಗಿಂತ ಬಲವಾಗಿತ್ತು. ಅದು ಬಂದುದು ಅಣ್ಣನಿಂದಲೋ ಗೆಳೆಯನಿಂದಲೋ ಅಲ್ಲವೇ!

ಚಂಡಮಾರುತ, ಭೂಕಂಪಗಳಲ್ಲಿ ಸತ್ತವರ ಚಿತ್ರಗಳನ್ನು ಗಲಭೆಯ ಚಿತ್ರಗಳೆಂದು ತಿದ್ದಿ ಹರಡಲಾಗಿದ್ದು, ಅವುಗಳಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಬಂದವೆಂದು ಕೇಂದ್ರ ಗೃಹ ಕಾರ್ಯದರ್ಶಿಗಳು ಹೇಳಿದರು. ಪಾಕಿಸ್ತಾನ ಅದನ್ನು ಅಲ್ಲಗಳೆದು ಸಾಕ್ಷ್ಯ ಕೇಳಿತು. ಅದು ನಿಜವೇ ಆಗಿದ್ದರೂ ಕಾನೂನು ಏನು ಮಾಡಬಲ್ಲುದು? ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಒಡಂಬಡಿಕೆಯ 37ನೆಯ ವಿಧಿ ಶತ್ರುಸೇನೆಗೆ ಸುಳ್ಳು ಸುದ್ದಿ ಕೊಡುವುದನ್ನು ಯುದ್ಧತಂತ್ರವೆಂದು ಒಪ್ಪುತ್ತದೆ, ವಿಶ್ವಾಸಘಾತವನ್ನು ಮಾತ್ರ ನಿಷೇಧಿಸುತ್ತದೆ. ನಾಗರಿಕರಲ್ಲಿ ಭೀತಿ ಬಿತ್ತುವುದೇ ಮುಖ್ಯ ಉದ್ದೇಶವಾದ ಹಿಂಸೆಯ ಬೆದರಿಕೆಯನ್ನು 51ನೆಯ ವಿಧಿ ತಡೆಯುತ್ತದೆ. ಆದರೆ ಇವೆಲ್ಲ ಸಶಸ್ತ್ರ ಸಂಘರ್ಷದ ಕಾಲಕ್ಕೆ. ಭಾರತವಂತೂ ಆ ಒಡಂಬಡಿಕೆಗೆ ಸೇರಿಯೇ ಇಲ್ಲ. ಸೈಬರ್ ಯುದ್ಧದ ಕಾನೂನನ್ನು ಕುರಿತು ತಜ್ಞರು 2013ರಲ್ಲಿ ಪ್ರಕಟಿಸಿದ ಟ್ಯಾಲಿನ್ ಕೈಪಿಡಿಯೂ ಸರಕಾರದ ಮೇಲಿನ ನಂಬಿಕೆಯನ್ನು ಕೆಡಿಸುವ ಬರಿಯ ಪ್ರಚಾರವನ್ನು ಬಲಪ್ರಯೋಗವೆಂದು ಎಣಿಸುವುದಿಲ್ಲ. ಜನ ಊರು ಬಿಟ್ಟೋಡಿದರೂ ಅದು ಆಕ್ರಮಣವಲ್ಲ!

ಇತ್ತ ಸರಕಾರ ಹೂಡಿದ ಮದ್ದೂ ವಿಚಿತ್ರವೇ. ಆಗಸ್ಟ್ 17ರಿಂದ ದೇಶಾದ್ಯಂತ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಮಿತಿ ಹಾಕಿ, ಕೆಲವು ದಿನಗಳಲ್ಲಿ ಅದನ್ನು ಇಪ್ಪತ್ತಕ್ಕೇರಿಸಲಾಯಿತು. ವದಂತಿಗೆ ಕಟ್ಟಿದ ಒಡ್ಡು, ‘ಕ್ಷೇಮವಾಗಿದ್ದೇನೆ’ ಎಂಬ ಆರನೆಯ ಸಂದೇಶವನ್ನೂ ತಡೆಯುವಂಥದು.

ಇನ್ನು ಹೆದರಿ ತಮ್ಮನಿಗೆ ಅದನ್ನು ದಾಟಿಸಿದ ಅಕ್ಕನ ಗತಿ? ವದಂತಿ ಹರಡುವುದನ್ನು ದಂಡಿಸುವ ಭಾರತೀಯ ದಂಡಸಂಹಿತೆಯ 505ನೆಯ ಕಲಮು, ನಿಜವೆಂದು ನಂಬಲು ಕಾರಣವಿದ್ದು ಸದ್ಭಾವದಿಂದ ಹೇಳಿದವರನ್ನು ಬಿಟ್ಟುಬಿಡುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಿನಲ್ಲಿಯೂ ಆ ವಿನಾಯಿತಿ ಉಳಿದಿದೆ. ಅಂದು ಹೊರಟವರಲ್ಲಿ ಅನೇಕರು ಮುಂದಿನ ವಾರಗಳಲ್ಲಿ ಬೆಂಗಳೂರಿಗೆ ಹಿಂದಿರುಗಿದರು.