ಅರ್ಜಿಯಲ್ಲಿ ಬರೆದ ಒಂದು ಸುಳ್ಳು

ನಮ್ಮ ಅಪ್ಪ ಗಾದಿ ಹೊಲಿಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ನಮ್ಮವರನ್ನು ನದಾಫರೆಂದೂ ಪಿಂಜಾರರೆಂದೂ ಕರೆಯುತ್ತಾರೆ. ಹತ್ತಿ ಹಿಂಜುವ ಕಮಾನನ್ನು ಹೆಗಲಿಗೇರಿಸಿ ಓಣಿ ಓಣಿ ತಿರುಗುವುದು, ಕರೆದವರ ಮನೆಯ ಅಂಗಳದಲ್ಲಿ ಕುಳಿತು ಗಂಟುಗಟ್ಟಿದ ಹಳೆಯ ಅರಳೆಯನ್ನು ಬಿಡಿಸಿ, ಹಿಂಜಿ, ಮತ್ತೆ ಗಾದಿಗೆ ತುಂಬಿ ಹೊಲಿಯುವುದು ಅವರ ಕಸುಬು. ಸಂಜೆ ಮನೆಗೆ ಬರುವಾಗ ಅವರ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿರುತ್ತಿದ್ದವು. ಅವ್ವ ನೀರು ಕೊಡುವ ಮೊದಲು ಸೆರಗಿನಿಂದ ಅವರ ಬೆನ್ನು ಝಾಡಿಸುತ್ತಿದ್ದಳು.

ನಾವು ಏಳನೆಯ ತರಗತಿಯವರೆಗೆ ಓಣಿಯ ಉರ್ದು ಶಾಲೆಯಲ್ಲಿ ಓದಿದೆವು. ಎಂಟಕ್ಕೆ ಕನ್ನಡ ಹೈಸ್ಕೂಲು ಸೇರಬೇಕಾಯಿತು. ಪ್ರವೇಶದ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಸಾಲೊಂದಿತ್ತು. ಪಕ್ಕದ ಹುಡುಗ 'ಟೀಚರ್' ಎಂದು ಬರೆದದ್ದನ್ನು ಕಂಡೆವು. ನಮ್ಮ ಕೈ ನಡುಗಿತು. ಬಳಿಕ 'ಬಿಸಿನೆಸ್' ಎಂದು ಬರೆದೆವು. ಮಾಸ್ತರರು ಓದಿ, "ಏನ್ ಬಿಸಿನೆಸ್ಸೋ?" ಎಂದು ಕೇಳಿದರು. "ಕಾಟನ್ ಬಿಸಿನೆಸ್ ಸರ್" ಎಂದೆವು. ಅವರು ನಮ್ಮ ಹರಿದ ಅಂಗಿಯನ್ನೊಮ್ಮೆ ನೋಡಿ ಸುಮ್ಮನಾದರು.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಕೇಳಿದರು, "ನನ್ನ ಉದ್ಯೋಗ ಏನಂತ ಬರದಿ?"

"ಕಾಟನ್ ಬಿಸಿನೆಸ್ ಅಂತ."

"ಅಂದ್ರ?"

"ಹತ್ತಿ ವ್ಯಾಪಾರ."

ಅಪ್ಪ ನಕ್ಕರು. "ವ್ಯಾಪಾರ ಮಾಡೋರು ದಲಾಲ್ರಪ್ಪ. ನಾ ಹಿಂಜಾಂವ. ಹಿಂಜಾಂವ ಅನ್ನಾಕ ಇಂಗ್ಲೀಷಿನ್ಯಾಗ ಶಬ್ದ ಇಲ್ಲೇನು?"

ನಮಗೆ ಉತ್ತರ ಗೊತ್ತಿರಲಿಲ್ಲ. ಇಂಗ್ಲಿಷಿನಂಥ ದೊಡ್ಡವರ ಭಾಷೆಯಲ್ಲಿ ನಮ್ಮಪ್ಪನಿಗೊಂದು ಶಬ್ದ ಇರಲಾರದು ಎಂದೇ ಬಗೆದಿದ್ದೆವು.

ಕಾಲೇಜಿನ ದಿನಗಳಲ್ಲಿ ರದ್ದಿ ಅಂಗಡಿಯೊಂದರಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ನಿಘಂಟೊಂದು ಸಿಕ್ಕಿತು. ಶಬ್ದದ ಅರ್ಥದ ಜೊತೆಗೆ ಅದು ಎಲ್ಲಿಂದ ಬಂತು ಎಂಬುದನ್ನೂ ಹೇಳುವ ನಿಘಂಟು. ಮೊದಲು ಹುಡುಕಿದ್ದು 'ಕಾಟನ್'. ಅರಬ್ಬಿಯ 'ಕುತ್ನ್' ಫ್ರೆಂಚಿನ ಹಾದಿಯಲ್ಲಿ ಇಂಗ್ಲಿಷಿಗೆ ಹೋಗಿ 'ಕಾಟನ್' ಆಗಿತ್ತು. ಎದೆ ಹೊಡೆದುಕೊಳ್ಳುತ್ತ 'ಮ್ಯಾಟ್ರೆಸ್' ಹುಡುಕಿದೆವು. ಅದೂ ಅರಬ್ಬಿಯದೇ. 'ಮತ್ರಹ್' ಎಂದರೆ ಏನನ್ನಾದರೂ ಹಾಸಿ ಒಗೆಯುವ ಜಾಗ. ನೆಲದ ಮೇಲೆ ಹಾಸಿಕೊಂಡು ಮಲಗುವ ಅರಬರ ರೂಢಿಯನ್ನು ಯುರೋಪಿನವರು ಕಲಿತಾಗ ಶಬ್ದವೂ ಇಟಲಿ, ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ನಡೆದುಹೋಯಿತು. ಹಿಂಜುವವನಿಗೂ ಇಂಗ್ಲಿಷಿನಲ್ಲಿ ಶಬ್ದವಿತ್ತು: 'ಕಾರ್ಡರ್'.

ಆದರೆ ನಮ್ಮನ್ನು ನಿಜಕ್ಕೂ ನಾಚಿಸಿದ್ದು ನಮ್ಮದೇ ಹೆಸರು. 'ನದ್ದಾಫ್' ಎಂದರೆ ಅರಬ್ಬಿಯಲ್ಲಿ ಹತ್ತಿ ಹಿಂಜುವವನು ಎಂದೇ ಅರ್ಥ. ಅಂದರೆ ಆ ಅರ್ಜಿಯ ಮೊದಲ ಸಾಲಿನಲ್ಲಿ ಅಡ್ಡಹೆಸರು ಬರೆದಾಗಲೇ ಅಪ್ಪನ ಉದ್ಯೋಗವನ್ನು ಬರೆದಾಗಿತ್ತು. ಮೇಲೆ ಸಾರಿ ಹೇಳಿದ್ದನ್ನೇ ಕೆಳಗೆ ಮುಚ್ಚಿಡಲು ಹೆಣಗಿದ್ದೆವು.

ಅಂದಿನಿಂದ ಶಬ್ದಗಳ ಹುಚ್ಚು ಹತ್ತಿತು. ಉಳ್ಳವರ ಮನೆಯಲ್ಲಿ ಕೂರಲು ಅಂಜುತ್ತಿದ್ದ 'ಸೋಫಾ' ಅರಬ್ಬಿಯ 'ಸುಫ್ಫಾ' ಎಂದು ತಿಳಿದಾಗ ನಗು ಬಂತು. ಮದೀನಾದಲ್ಲಿ ಪ್ರವಾದಿವರ್ಯರ(ಸ) ಮಸೀದಿಗೆ ಹೊಂದಿಕೊಂಡಿದ್ದ ನೆರಳಿನ ಜಗಲಿಗೆ ಸುಫ್ಫಾ ಎನ್ನುತ್ತಿದ್ದರು. ಮನೆಮಠವಿಲ್ಲದ ಬಡ ಸಂಗಾತಿಗಳು ಅಲ್ಲಿ ಇರುತ್ತಿದ್ದರು, ಕಲಿಯುತ್ತಿದ್ದರು. ಸೂರಿಲ್ಲದವರು ಮಲಗುತ್ತಿದ್ದ ಜಗಲಿಯನ್ನು ಕರೆಯುತ್ತಿದ್ದ ಶಬ್ದ ಇಂದು ಉಳ್ಳವರ ಪಡಸಾಲೆಗೆ ಬಂದು ಕುಳಿತಿದೆ. ನಮ್ಮ ಅಜ್ಜಿ ಕಣ್ಣಿಗೆ ಹಚ್ಚುತ್ತಿದ್ದ ಸುರ್ಮಾದ ಅರಬ್ಬಿ ಹೆಸರು 'ಕುಹ್ಲ್'. ಅದರಿಂದಲೇ 'ಆಲ್ಕೋಹಾಲ್' ಹುಟ್ಟಿತು. ನುಣ್ಣಗೆ ಅರೆದ ಪುಡಿಯ ಹೆಸರು ಕ್ರಮೇಣ ಭಟ್ಟಿ ಇಳಿಸಿದ ಸಾರಕ್ಕೆ ಅಂಟಿಕೊಂಡಿತು. ಅಜ್ಜಿ ಬದುಕಿದ್ದರೆ ಕಿವಿ ಹಿಂಡುತ್ತಿದ್ದಳು!

ನೀವು ಕೈಯಲ್ಲಿ ಹಿಡಿದಿರುವ ಈ 'ಮ್ಯಾಗಝಿನ್' ಕೂಡ ಅರಬ್ಬಿಯ 'ಮಖ್‌ಝನ್', ಅಂದರೆ ಉಗ್ರಾಣ. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ತನ್ನ ಪತ್ರಿಕೆಗೆ 'ಜಂಟಲ್‌ಮನ್ಸ್ ಮ್ಯಾಗಝಿನ್' ಎಂದು ಹೆಸರಿಟ್ಟ ಮೇಲೆ ಪತ್ರಿಕೆಗಳಿಗೆ ಆ ಹೆಸರು ನಿಂತಿತು. 1901ರಲ್ಲಿ ಲಾಹೋರಿನಿಂದ ಶೇಖ್ ಅಬ್ದುಲ್ ಖಾದಿರ್ ಹೊರಡಿಸಿದ ಉರ್ದು ಮಾಸಿಕದ ಹೆಸರು 'ಮಖ್ಝನ್'. ಕನ್ನಡದ 'ಖಜಾನೆ'ಯೂ ಅದೇ ಬೇರಿನ ಚಿಗುರು.

ಇಲ್ಲಿಗೆ ಬಂದಾಗ ನಮಗೊಂದು ರೋಗ ತಗಲಿತ್ತೆಂದು ಒಪ್ಪಿಕೊಳ್ಳಬೇಕು. "ಇದೂ ನಮ್ಮದೇ, ಅದೂ ನಮ್ಮದೇ" ಎಂದು ಗೆಳೆಯರ ಮುಂದೆ ಎದೆಯುಬ್ಬಿಸುತ್ತಿದ್ದೆವು. ಆ ಜಂಬವನ್ನು ಇಳಿಸಿದ್ದೂ ಅದೇ ನಿಘಂಟು. 'ಶುಗರ್' ಹುಡುಕಿದರೆ ಅರಬ್ಬಿಯ 'ಸುಕ್ಕರ್' ಸಿಕ್ಕಿತು, ಅದರ ಹಿಂದೆ ಫಾರಸಿಯ 'ಶಕರ್', ಅದರ ಹಿಂದೆ ಸಂಸ್ಕೃತದ 'ಶರ್ಕರಾ'. ನಮ್ಮ 'ಸಕ್ಕರೆ' ಅದೇ ಮನೆಯದು. ಇಂಗ್ಲಿಷಿನವರು ಅರೇಬಿಕ್ ಅಂಕಿ ಎನ್ನುವುದನ್ನು ಅರಬರು ಹಿಂದಿನಿಂದಲೂ ಹಿಂದಿ ಅಂಕಿ ಎಂದೇ ಕರೆದವರು. ಅವರಿಗೆ ಕೊಟ್ಟವರ ಹೆಸರು ಹೇಳಲು ನಾಚಿಕೆಯಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ನಾವು ಕಥೆ ಓದಿ ಕೆಳಗಿಳಿದಾಗ ಹಿರಿಯರೊಬ್ಬರು ಕೈಕುಲುಕಿ, "ಮುಸ್ಲಿಮರಾಗಿಯೂ ಎಷ್ಟು ಚೆಂದದ ಕನ್ನಡ ಬರೆಯುತ್ತೀರಿ!" ಎಂದರು. ಅವರದು ಪ್ರೀತಿಯ ಮಾತೇ. ಆದರೂ 'ಆಗಿಯೂ' ಎಂಬ ಪದ ಮುಳ್ಳಿನಂತೆ ಒಳಗೆ ಉಳಿಯಿತು. ಊರಿಗೆ ಬಂದರೆ ನಮ್ಮವರೇ ಒಬ್ಬರು, "ಉರ್ದು ಓದಿ ಕನ್ನಡದಲ್ಲಿ ಯಾಕೆ ಬರೀತೀರಿ?" ಎಂದು ಕೇಳಿದರು. ಇಬ್ಬರಿಗೂ ಅಂದು ಉತ್ತರಿಸಲಿಲ್ಲ. ನಾವು ಹೈಸ್ಕೂಲಿನಲ್ಲಿ ಬರೆದ 'ಅರ್ಜಿ', ಮಾಸ್ತರರು ಕೂಗಿದ 'ಹಾಜರಿ', ಇಟ್ಟುಕೊಂಡ 'ದಾಖಲೆ' ಇವೆಲ್ಲ ಅರಬ್ಬಿ ಮೂಲದವು. ಅದನ್ನು ಬರೆದ 'ಕಾಗದ' ಫಾರಸಿಯದು. ಅವುಗಳನ್ನು ಯಾರೂ 'ಆಗಿಯೂ' ಎನ್ನುವುದಿಲ್ಲ. ನಾಲಿಗೆಯ ಮೇಲೆ ಬಾಳಿದ ಶಬ್ದ ಆ ನಾಲಿಗೆಯದೇ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಇಷ್ಟು ಸಲೀಸಾಗಿ ಒಪ್ಪುವುದಿಲ್ಲ.

ನಿಘಂಟು ಸಿಕ್ಕ ರಜೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದ್ದೆವು. ಆಗಲೇ ಫೋಮಿನ ಗಾದಿಗಳು ಬಂದು ಅವರ ಕೆಲಸ ಕಡಿಮೆಯಾಗಿತ್ತು. ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡರು. "ಶಬ್ದ ಎಲ್ಲಿಂದರ ಬರ್ಲಿ. ಮಕ್ಕೊಂಡಾವಂಗ ನಿದ್ದಿ ಬಂತೋ ಇಲ್ಲೋ ಅದನ್ನ ನೋಡು" ಎಂದರು. ಅರ್ಜಿಯ ಸುಳ್ಳಿಗೆ ಅಂದೇ ಕ್ಷಮೆ ಕೇಳಬೇಕಿತ್ತು. ನಾವು ಶಬ್ದಗಳ ಸಡಗರದಲ್ಲಿದ್ದೆವು, ಕೇಳಲಿಲ್ಲ. ಈಗ ಅಪ್ಪ ಇಲ್ಲ.

ಮೊನ್ನೆ ಮಗಳು ಅಟ್ಟದ ಮೇಲಿದ್ದ ಕಮಾನನ್ನು ಕಂಡು, "ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ಎಂದು ಕೇಳಿದಳು. "ಅದನ್ನು ಆಮೇಲೆ ಹುಡುಕೋಣ. ಇದರಿಂದ ನಿಮ್ಮ ಅಜ್ಜ ಹತ್ತಿ ಹಿಂಜುತ್ತಿದ್ದರು" ಎಂದು ಕೆಳಗಿಳಿಸಿ ಧೂಳು ಒರೆಸಿದೆವು.