ಎರೆನಾಡಿನ ಟೆಂಪೊ

ನವಲಗುಂದ ದಾಟಿ ಅಣ್ಣಿಗೇರಿಯ ಹಾದಿ ಹಿಡಿದರೆ ಕಣ್ಣು ಹಾಯುವಷ್ಟೂ ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುವ ಈ ಮಣ್ಣು, ಮಳೆ ಬಿತ್ತೆಂದರೆ ಗಾಲಿಗೆ ಮೆತ್ತಿ ಬಂಡಿಯನ್ನು ಕಟ್ಟಿಹಾಕುತ್ತದೆ. ಬೆಣ್ಣಿಹಳ್ಳ ಉಕ್ಕಿದರಂತೂ ಕೇಳುವುದೇ ಬೇಡ. ಇಂಥಲ್ಲಿ ರಸ್ತೆಗೆ ಡಾಂಬರು ಬಿದ್ದ ಮೇಲೆ ರೈತನ ಕೈಗೆ ಸಿಕ್ಕ ದೊಡ್ಡ ಅನುಕೂಲವೆಂದರೆ ಟೆಂಪೊ.

ಹೆಸರು ಮಾತ್ರ ದೂರದ್ದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಡಾಲ್ ಮನೆತನದ ಕಂಪನಿ 1928ರಲ್ಲಿ ಮೂರು ಗಾಲಿಯ ಸಾಮಾನು ಗಾಡಿಗಳಿಗೆ ಇಟ್ಟ ಹೆಸರು ಅದು. 1958ರಲ್ಲಿ ಎನ್.ಕೆ. ಫಿರೋದಿಯಾ ಅವರು ‘ಬಜಾಜ್ ಟೆಂಪೊ’ ಆರಂಭಿಸಿದರು. ಮೊದಲು ಮೂರು ಗಾಲಿಯ ಹ್ಯಾನ್ಸಿಯಾಟ್, 1969ರಲ್ಲಿ ನಾಲ್ಕು ಗಾಲಿಯ ಮೆಟಾಡೋರ್ ಬಂತು. ಅದರ ಒಂದು ಮಾದರಿಯಲ್ಲಿ ಎಂಜಿನ್ ನಡೆಸುತ್ತಿದ್ದುದು ಮುಂದಿನ ಗಾಲಿಗಳನ್ನು. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲದ್ದರಿಂದ ಗಾಡಿಯ ತಳ ತಗ್ಗಿನಲ್ಲಿರುತ್ತಿತ್ತು. ಚೀಲ ಎತ್ತಿ ಹಾಕಲು ಸಲೀಸು.

ಲಾರಿ ತುಂಬುವಷ್ಟು ಮಾಲು ಸಣ್ಣ ಹಿಡುವಳಿದಾರನಲ್ಲಿ ಎಲ್ಲಿಂದ ಬರಬೇಕು? ನಾಲ್ಕು ಮನೆಯವರು ಕೂಡಿದರೆ ಟೆಂಪೊ ತುಂಬುತ್ತದೆ. ಕುಂದಗೋಳದ ಕೆಂಪು ಮೆಣಸಿನಕಾಯಿ ಬ್ಯಾಡಗಿಗೆ, ನವಲಗುಂದದ ಹತ್ತಿ ಅಂಡಿಗೆ ಹುಬ್ಬಳ್ಳಿಗೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಬಸ್ಸಿನೊಳಗೆ ಜಾಗವೆಲ್ಲಿ? ಅದಕ್ಕೂ ಇಂಥದೇ ಗಾಡಿ ಬೇಕು. ವಸ್ತಿ ಬಸ್ಸು ಹೊರಡುವ ಮುನ್ನ ನಡುರಾತ್ರಿ ಹೆರಿಗೆ ನೋವು ಶುರುವಾದರೆ ಊರವರು ಬಾಗಿಲು ಬಡಿಯುವುದೂ ಗಾಡಿಯಿದ್ದವನ ಮನೆಯದೇ.

ಹಾಗೆಂದು ಎಲ್ಲವೂ ಸುಖವಲ್ಲ. ಉಳ್ಳಾಗಡ್ಡಿ ದರ ಕುಸಿದ ದಿನ ಮಾರಿದ ದುಡ್ಡಿನಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ. ‘ವಾಪಸ್ ಒಯ್ಯಬೇಕಂದ್ರ ಮತ್ತೊಂದು ಬಾಡಿಗಿ ಕೊಡಬೇಕಲ್ರೀ’ ಎಂದು ಬಂದ ದರಕ್ಕೆ ಕೊಟ್ಟು ಬರುವವರೇ ಹೆಚ್ಚು. ಗಾಡಿ ಪೇಟೆಯ ತನಕ ಒಯ್ದೀತು. ಬೆಲೆ ಕೊಡಿಸುವುದು ಅದರ ಕೈಯಲ್ಲಿಲ್ಲ.

2005ರಲ್ಲಿ ಎರಡು ಸಂಗತಿ ನಡೆದವು. ಬಜಾಜ್ ಟೆಂಪೊ ಕಂಪನಿ ‘ಫೋರ್ಸ್ ಮೋಟಾರ್ಸ್’ ಆಯಿತು. ಟಾಟಾ ಏಸ್ ರಸ್ತೆಗಿಳಿಯಿತು. ಮುಂದೆ ಅದರ ತಮ್ಮನಂಥ ಏಸ್ ಜಿಪ್ ನಮ್ಮ ಧಾರವಾಡದ ಕಾರ್ಖಾನೆಯಲ್ಲೇ ತಯಾರಾಯಿತು. ಮೆಟಾಡೋರ್ ಹಾದಿಯಿಂದ ಮರೆಯಾಗಿದೆ, ಕಂಪನಿಯ ಫಲಕದಲ್ಲೂ ಹಳೆಯ ಹೆಸರಿಲ್ಲ.

ಆದರೂ ಸುಗ್ಗಿಯ ಮುಂಜಾವಿನಲ್ಲಿ ಚೀಲ ಒಟ್ಟಿಕೊಂಡು ರಸ್ತೆ ಬದಿ ಕುಳಿತ ರೈತನನ್ನು ಮಾತಾಡಿಸಿ ನೋಡಿ. ಬರುವ ಗಾಡಿ ಯಾವ ಕಂಪನಿಯದೇ ಇರಲಿ, ಅವನು ಹೇಳುವುದು ಒಂದೇ: ‘ಟೆಂಪೊ ಹಾದಿ ಕಾಯಾಕತ್ತೇನ್ರೀ.’